ಡಿಕ್ಕಿಯಲ್ಲೊಂದು ಪೆಟ್ಟಿಗೆ: ಕಾರ್ ಆಡಿಯೋ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಸಬ್‌ವೂಫರ್, ಅಂದರೆ ತೀರಾ ಕೆಳಸ್ವರದ ಬೇಸ್ ನುಡಿಸುವ ಸ್ಪೀಕರ್ ಬಗ್ಗೆಯೇ. ಅದರಲ್ಲೂ ಸಬ್ ಕೂರಿಸುವ ಬಾಕ್ಸ್ ಬಗ್ಗೆ. ನನಗಂತೂ ಖುಷಿ. ನಮ್ಮಪ್ಪ ಬಡಗಿ, ಮೈಕ್‌ಸೆಟ್‌ನವರಿಗೆ ಸ್ಪೀಕರ್ ಬಾಕ್ಸ್ ಮಾಡಿಕೊಡುತ್ತಿದ್ದರು. ಗಣೇಶನ ಹಬ್ಬ ಹತ್ತಿರ ಬಂದರೆ ಕಾಮಾಕ್ಷಿಪಾಳ್ಯದ ನಮ್ಮ ಶೆಡ್ಡಿನಲ್ಲಿ ಮಲಗಲು ಜಾಗ ಇರುತ್ತಿರಲಿಲ್ಲ. ನಾನು ಗರಗಸ ಹಿಡಿದದ್ದು ಅಲ್ಲೇ. ಈಗ ಅದೇ ಶೆಡ್ಡಿನಲ್ಲಿ ಕಾರಿನ ಬಾಕ್ಸ್ ಮಾಡುತ್ತೇನೆ. ಹಾಗಾಗಿ ಈ ತಿಂಗಳು ಉತ್ತರ ಸ್ವಲ್ಪ ಉದ್ದ ಆದರೆ ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನನ್ನ ಸೆಡಾನ್‌ಗೆ 12 ಇಂಚಿನ ಸಬ್‌ವೂಫರ್ ಹಾಕಿಸಿದ್ದೇನೆ. ಬಾಕ್ಸ್ ರೆಡಿಮೇಡ್. ಯಾವ ಹಾಡು ಹಾಕಿದರೂ ಒಂದೇ ತರ ‘ಗುಂಯ್ ಗುಂಯ್’ ಅನ್ನುತ್ತದೆ. ಆಂಪ್ಲಿಫೈಯರ್ ಬದಲಾಯಿಸಿ ಎನ್ನುತ್ತಾರೆ ಅಂಗಡಿಯವರು. ಬಾಕ್ಸಿನ ಹೊರ ಅಳತೆ 20, 15, 15 ಇಂಚು. ಮುಂಭಾಗದಲ್ಲಿ 4 ಇಂಚು ಅಗಲದ ಪೈಪ್ ಇದೆ. ಕೈ ಹಾಕಿ ನೋಡಿದೆ, ಉದ್ದವೂ 4 ಇಂಚೇ. ಸಬ್ ಜತೆ ಬಂದ ಕಾಗದದಲ್ಲಿ ಎಫ್‌ಎಸ್ 30 ಹರ್ಟ್ಸ್, ಕ್ಯೂಟಿಎಸ್ 0.48, ವಿಎಎಸ್ 45 ಲೀಟರ್ ಎಂದಿದೆ. ಇದೆಲ್ಲ ಏನು ಸಾರ್?
– ರಾಜಾಜಿನಗರದ ಓದುಗರು

ಉತ್ತರ: ಮೊದಲು ಒಂದು ಮಾತು. ಆಂಪ್ಲಿಫೈಯರ್‌ಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ತಪ್ಪು ಆ ಪೈಪಿನದು.

ಖಾಲಿ ಸೋಡಾ ಬಾಟಲಿಯ ಬಾಯಿಗೆ ಊದಿದರೆ ‘ಹೂಂ’ ಅನ್ನುತ್ತದಲ್ವಾ? ಎಷ್ಟು ಊದಿದರೂ ಅದೇ ಸ್ವರ. ನಿಮ್ಮ ಬಾಕ್ಸ್ ದೊಡ್ಡ ಸೋಡಾ ಬಾಟಲಿ, ಆ ಪೈಪ್ ಅದರ ಕತ್ತು. ಬಾಟಲಿ ಎಷ್ಟು ದೊಡ್ಡದು, ಕತ್ತು ಎಷ್ಟು ಅಗಲ, ಎಷ್ಟು ಉದ್ದ, ಈ ಮೂರರ ಮೇಲೆ ಆ ಸ್ವರ ನಿಲ್ಲುತ್ತದೆ. ಇದಕ್ಕೆ ನಮ್ಮ ಕಡೆ ಟ್ಯೂನಿಂಗ್ ಅಂತೀವಿ.

ನಿಮ್ಮ ಅಳತೆಗೆ ಲೆಕ್ಕ ಹಾಕೋಣ. ಹಲಗೆ ಮುಕ್ಕಾಲು ಇಂಚು ಅಂದುಕೊಂಡರೆ ಪ್ರತಿ ಅಳತೆಯಲ್ಲೂ ಒಂದೂವರೆ ಇಂಚು ಹೋಗುತ್ತದೆ. ಒಳಗೆ ಉಳಿಯುವುದು 18.5, 13.5, 13.5. ಮೂರನ್ನೂ ಗುಣಿಸಿ 1728ರಿಂದ ಭಾಗಿಸಿ. 1.95 ಕ್ಯೂಬಿಕ್ ಫೀಟ್ ಬರುತ್ತದೆ. ಒಂದು ಕ್ಯೂಬಿಕ್ ಫೀಟ್ ಅಂದರೆ 28.3 ಲೀಟರ್, ಅಂದರೆ ನಿಮ್ಮದು 55 ಲೀಟರ್. ಮನೆಗೆ ಬರುವ 20 ಲೀಟರಿನ ನೀರಿನ ಕ್ಯಾನ್ ಮೂರಕ್ಕೆ ಸ್ವಲ್ಪ ಕಮ್ಮಿ. ಅದರಲ್ಲಿ ಸಬ್‌ನ ಮ್ಯಾಗ್ನೆಟ್ಟು, ಬಾಸ್ಕೆಟ್ಟು (ಲೋಹದ ಚೌಕಟ್ಟು) 3 ಲೀಟರ್ ತಿನ್ನುತ್ತವೆ. ಪೈಪ್ ಒಂದು ಲೀಟರ್. ನಿಜವಾಗಿ ಗಾಳಿಗೆ ಸಿಗುವುದು 51 ಲೀಟರ್. ಇಷ್ಟು ಗಾಳಿಗೆ 4 ಇಂಚು ಅಗಲ, 4 ಇಂಚು ಉದ್ದದ ಪೈಪ್ ಇಟ್ಟರೆ ಬಾಕ್ಸ್ ಟ್ಯೂನ್ ಆಗುವುದು ಹತ್ತಿರಹತ್ತಿರ 52 ಹರ್ಟ್ಸ್‌ಗೆ. ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಸಲ ಅಲುಗಾಟ ಅಂತ. ಕಮ್ಮಿ ಆದಷ್ಟೂ ಸ್ವರ ಕೆಳಗೆ.

ಸಿನಿಮಾ ಹಾಡಿನ ಕಿಕ್ ಡ್ರಮ್ ಕೂರುವುದೂ ಹೆಚ್ಚಾಗಿ ಆ ಜಾಗದಲ್ಲೇ. ಹಾಗಾಗಿ 52ರ ಆಸುಪಾಸು ಏನು ಬಂದರೂ ಬಾಕ್ಸ್ ಕೂಗುತ್ತದೆ. ಅದರ ಕೆಳಗೆ ಬಂದರೆ ಸುಮ್ಮನಾಗುತ್ತದೆ. ನಾಲ್ಕು ತಂತಿಯ ಬೇಸ್ ಗಿಟಾರ್‌ನ ಅತಿ ಕೆಳಗಿನ ಸ್ವರ 41 ಹರ್ಟ್ಸ್, ಅದರ ಮೇಲಿನ ತಂತಿ 55. ನಿಮ್ಮ ಕಾರಿನಲ್ಲಿ 55 ಅಬ್ಬರಿಸುತ್ತದೆ, 41 ಸೊರಗುತ್ತದೆ. ಅದಕ್ಕೇ ಯಾವ ಹಾಡು ಹಾಕಿದರೂ ಒಂದೇ ಹಾಡು. ಇನ್ನೂ ಒಂದು ಅಪಾಯ ಇದೆ. ಟ್ಯೂನಿಂಗ್‌ಗಿಂತ ಕೆಳಗೆ ಬಾಕ್ಸಿನ ಗಾಳಿ ಕೋನ್ ಅನ್ನು, ಅಂದರೆ ಸಬ್‌ನ ಮುಂದೆ ಅಲುಗಾಡುವ ಬಟ್ಟಲನ್ನು, ಹಿಡಿದು ನಿಲ್ಲಿಸುವುದಿಲ್ಲ. ಕೋನ್ ಸುಮ್ನೆ ಹಿಂದೆ ಮುಂದೆ ಒದ್ದಾಡುತ್ತದೆ, ಸದ್ದು ಬರುವುದಿಲ್ಲ. ವಾಲ್ಯೂಮ್ ಜಾಸ್ತಿ ಮಾಡಿದರೆ ಒಂದು ದಿನ ‘ಟಪ್’.

ಈಗ ಕಾಸಿಲ್ಲದ ಪರೀಕ್ಷೆ. ಮನೆಯಲ್ಲಿ ಹಳೇ ಟವೆಲ್ ಇದೆಯಾ? ಬಿಗಿಯಾಗಿ ಸುರುಳಿ ಸುತ್ತಿ ಆ ಪೈಪಿಗೆ ತುರುಕಿ. ಕೋನಿಗೆ ತಾಗದ ಹಾಗೆ ನೋಡಿಕೊಳ್ಳಿ. ನಿಮಗೆ ಬಾಯಿಪಾಠ ಇರುವ ಹಾಡು ಹಾಕಿ, ಡ್ರೈವರ್ ಸೀಟಿನಲ್ಲಿ ಕೂತು ಕೇಳಿ. ಗುಂಯ್ ಅರ್ಧಕ್ಕೆ ಇಳಿದಿರುತ್ತದೆ, ಬೇಸ್ ಗಿಟಾರ್ ಹೆಜ್ಜೆ ಹಾಕುವುದು ಕೇಳಿಸುತ್ತದೆ. ಟವೆಲ್ ಪೂರ್ತಿ ಗಾಳಿ ತಡೆಯುವುದಿಲ್ಲ, ಆದರೂ ಅಂದಾಜು ಸಿಗುತ್ತದೆ. ಹಿಡಿಸಿದರೆ ಪೈಪ್ ಕಿತ್ತು ಅಲ್ಲೊಂದು ದುಂಡನೆ ಹಲಗೆ ಕೂರಿಸಿ ಅಂಟು ಹಾಕಿ. ಅಲ್ಲಿಗೆ ಅದು ಸೀಲ್ಡ್ ಬಾಕ್ಸ್.

ನಿಮ್ಮ ಸಬ್ ಸೀಲ್ಡ್‌ಗೆ ಒಗ್ಗುತ್ತದಾ ಅನ್ನುವುದು ಆ ಕಾಗದದಲ್ಲೇ ಇದೆ. ಆ ಮೂರು ನಂಬರ್ ನೋಡಿದರೆ ಬಾಕ್ಸ್ ಕಟ್ಟುವ ಮೊದಲೇ ಸದ್ದು ಹೇಗಿರುತ್ತದೆ ಅಂತ ಹೇಳಬಹುದು. ಈ ದಾರಿ ತೋರಿಸಿದವರು 1961ರಲ್ಲಿ ಆಸ್ಟ್ರೇಲಿಯಾದ ನೆವಿಲ್ ಥೀಲ್, ಆಮೇಲೆ 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್. ನಮ್ಮಪ್ಪನಿಗೆ ಇದು ಗೊತ್ತಿರಲಿಲ್ಲ. ಅವರು ಬಾಕ್ಸ್ ಮಾಡಿ, ಕೇಳಿ, ಒಡೆದು, ಮತ್ತೆ ಮಾಡುತ್ತಿದ್ದರು. ಎಫ್‌ಎಸ್ ಅಂದರೆ ಬಾಕ್ಸ್ ಇಲ್ಲದೆ ಕೋನ್ ತಾನಾಗಿ ಅಲುಗಾಡಲು ಇಷ್ಟಪಡುವ ವೇಗ. ವಿಎಎಸ್ ಅಂದರೆ ಕೋನಿನ ಸುತ್ತಲಿನ ಸ್ಪ್ರಿಂಗ್ ಎಷ್ಟು ಲೀಟರ್ ಗಾಳಿಯಷ್ಟು ಮೆತ್ತಗಿದೆ ಅಂತ. ಕ್ಯೂಟಿಎಸ್ ಅಂದರೆ ಅಲುಗಾಡಿದ ಕೋನ್ ಎಷ್ಟು ಬೇಗ ತೆಪ್ಪಗಾಗುತ್ತದೆ ಅಂತ. ನಂಬರ್ ಕಮ್ಮಿ ಇದ್ದಷ್ಟೂ ಬೇಗ.

ಸೀಲ್ಡ್‌ನಲ್ಲಿ ಬಾಕ್ಸ್ ಸೇರಿದ ಮೇಲೆ ಕೋನ್ ತೆಪ್ಪಗಾಗುವ ಆ ನಂಬರ್, ಅಂದರೆ ಕ್ಯೂ, 0.7ರ ಹತ್ತಿರ ಬರಬೇಕು. 1ರ ಮೇಲೆ ಹೋದರೆ ಮತ್ತೆ ಗುಂಯ್. ಲೆಕ್ಕ ಸುಲಭ. 0.707 ಅನ್ನು 0.48ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, 1 ಕಳೆಯಿರಿ. 1.17 ಬರುತ್ತದೆ. 45 ಲೀಟರನ್ನು ಅದರಿಂದ ಭಾಗಿಸಿದರೆ 38.5 ಲೀಟರ್. ನಿಮ್ಮ ಸಬ್‌ಗೆ ಇದು ಸರಿಯಾದ ಸೀಲ್ಡ್ ಅಳತೆ. ಪೈಪ್ ಮುಚ್ಚಿದರೆ ನಿಮ್ಮ ಬಳಿ 52 ಲೀಟರ್ ಇದೆ, ಅದರಲ್ಲಿ ಕ್ಯೂ 0.66 ಬರುತ್ತದೆ. ಏನೂ ತೊಂದರೆ ಇಲ್ಲ. ಸ್ವಲ್ಪ ಇನ್ನೂ ಬಿಗಿಯಾಗಿ, ಮೆದುವಾಗಿ ಕೇಳುತ್ತದೆ ಅಷ್ಟೇ.

ಇಲ್ಲ ಸಾರ್, ನನಗೆ ಎದೆಗೆ ಗುದ್ದಬೇಕು ಅಂದರೆ ಪೋರ್ಟ್, ಅಂದರೆ ಆ ಪೈಪ್, ಇಟ್ಟುಕೊಳ್ಳಿ, ಆದರೆ ಪೈಪ್ ಉದ್ದ ಮಾಡಿ. ಅದೇ 4 ಇಂಚಿನ ಪೈಪ್ 33 ಸೆಂಟಿಮೀಟರ್ ಇದ್ದರೆ ಟ್ಯೂನಿಂಗ್ 34 ಹರ್ಟ್ಸ್‌ಗೆ ಇಳಿಯುತ್ತದೆ. ಒಂದು ತೊಡಕು. ನಿಮ್ಮ ಬಾಕ್ಸ್ ಒಳಗಿನ ಆಳ 34 ಸೆಂಟಿಮೀಟರ್. ನೇರ ಪೈಪ್ ಹಾಕಿದರೆ ತುದಿ ಹಿಂದಿನ ಹಲಗೆಗೆ ಮುತ್ತಿಡುತ್ತದೆ, ಗಾಳಿ ಹೋಗುವುದೆಲ್ಲಿ? ಪೈಪಿನ ತುದಿಗೂ ಹಲಗೆಗೂ ಮಧ್ಯೆ ಕೊನೇಪಕ್ಷ ಪೈಪಿನ ಅಗಲದಷ್ಟು ಜಾಗ ಬೇಕು. ಪ್ಲಂಬಿಂಗ್ ಅಂಗಡಿಯಲ್ಲಿ ಸಿಗುವ ಎಲ್ಬೋ ಹಾಕಿ ಪೈಪನ್ನು ಬಾಕ್ಸಿನ ಉದ್ದಕ್ಕೆ ತಿರುಗಿಸಿ. ಉದ್ದವನ್ನು ಎಲ್ಬೋ ಮಧ್ಯದ ಗೆರೆಯಲ್ಲಿ ಅಳೆಯಿರಿ. ಆಂಪ್ಲಿಫೈಯರ್‌ನಲ್ಲಿ ಸಬ್‌ಸಾನಿಕ್ ಫಿಲ್ಟರ್ (ತೀರಾ ಕೆಳಗಿನ ಸ್ವರ ತಡೆಯುವ ಜರಡಿ) ಇದ್ದರೆ 28–30 ಹರ್ಟ್ಸ್‌ಗೆ ಇಡಿ. ಅದಿಲ್ಲದ ಆಂಪ್‌ಗೆ ಪೋರ್ಟೆಡ್ ಬಾಕ್ಸ್ ಹಾಕಲು ನಾನು ಒಪ್ಪುವುದಿಲ್ಲ.

ನನ್ನ ಆಯ್ಕೆ ಕೇಳಿದರೆ, ಬೆಂಗಳೂರಿಗೆ ಸೀಲ್ಡ್. ಕಾರಣ ಹೇಳುತ್ತೇನೆ. 30 ಹರ್ಟ್ಸ್‌ನ ಒಂದು ಅಲೆ 11 ಮೀಟರ್ ಮೀರುತ್ತದೆ, ಹೆಚ್ಚುಕಮ್ಮಿ ಒಂದು ಬಿಎಂಟಿಸಿ ಬಸ್ಸಿನಷ್ಟುದ್ದ. ನಿಮ್ಮ ಕಾರು 4 ಮೀಟರ್ ಚಿಲ್ಲರೆ. ಅಲೆ ಕಾರಿನೊಳಗೆ ಹಿಡಿಸುವುದೇ ಇಲ್ಲ. ಹಾಗಾಗಿ ಅಷ್ಟು ಕೆಳಗಿನ ಸದ್ದು ಸೈಕಲ್ ಪಂಪಿನಂತೆ ಒಳಗಿನ ಗಾಳಿಯನ್ನೇ ಒತ್ತುತ್ತದೆ, ಸದ್ದು ತಾನಾಗೇ ಜೋರಾಗುತ್ತದೆ. ಸೀಲ್ಡ್ ಬಾಕ್ಸ್ ಕೆಳಗೆ ಎಲ್ಲಿ ಇಳಿಮುಖವಾಗುತ್ತದೋ ಅಲ್ಲಿ ಕಾರೇ ಎತ್ತಿ ಹಿಡಿಯುತ್ತದೆ. ಮತ್ತೆ ನಾವು ಹಾಡು ಕೇಳುವುದು ಎಲ್ಲಿ ಹೇಳಿ? ಔಟರ್ ರಿಂಗ್ ರೋಡಿನಲ್ಲಿ, ಗ್ಲಾಸ್ ಏರಿಸಿಕೊಂಡು, ಸೆಕೆಂಡ್ ಗೇರಿನಲ್ಲಿ. ಹೈವೇಯಲ್ಲಿ ಟಯರ್ ಸದ್ದು ಬೇಸನ್ನು ನುಂಗುತ್ತದೆ, ಅಲ್ಲಿ ಪೋರ್ಟಿನ ಜೋರು ಕೆಲಸಕ್ಕೆ ಬರುತ್ತದೆ. ಸಿಲ್ಕ್ ಬೋರ್ಡ್‌ನಲ್ಲಿ ಮುಕ್ಕಾಲು ಗಂಟೆ ನಿಂತವನಿಗೆ ಗುದ್ದು ಬೇಡ, ಹಾಡು ಬೇಕು.

ಪ್ರಶ್ನೆ: ಬಾಕ್ಸ್ ಮನೆಯಲ್ಲೇ ಮಾಡಿಸಬೇಕೆಂದಿದ್ದೇನೆ. ನಮ್ಮ ಬಡಗಿ 12 ಎಂಎಂ ಕಮರ್ಷಿಯಲ್ ಪ್ಲೈ ಸಾಕು ಎನ್ನುತ್ತಾರೆ. ಎಂಡಿಎಫ್ ಹಾಕಿ ಎನ್ನುತ್ತಾನೆ ಗೆಳೆಯ. ಯಾರ ಮಾತು ಕೇಳಲಿ?
– ಹನುಮಂತನಗರದ ಓದುಗರು

ಉತ್ತರ: ಗೆಳೆಯನ ಮಾತು ಅರ್ಧ, ಬಡಗಿಯ ಮಾತು ಅರ್ಧ. 12 ಎಂಎಂ ಬೇಡವೇ ಬೇಡ. ವಾರ್ಡ್‌ರೋಬ್‌ಗೆ ಸಾಕು. ಸಬ್ ಒಳಗಿನಿಂದ ಗುದ್ದುವಾಗ ತೆಳು ಹಲಗೆ ತಾನೂ ನಡುಗುತ್ತದೆ, ಅದೂ ಒಂದು ಸ್ಪೀಕರ್ ಆಗುತ್ತದೆ, ಕೆಟ್ಟ ಸ್ಪೀಕರ್. 18 ಎಂಎಂ ಹಾಕಿಸಿ. ಸಬ್ ಕೂರುವ ಮುಂದಿನ ಹಲಗೆ ಎರಡು ಪದರ ಇದ್ದರೆ ಇನ್ನೂ ಒಳ್ಳೆಯದು.

ಎಂಡಿಎಫ್ ಅಂದರೆ ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ, ಸದ್ದಿಗೆ ಒಳ್ಳೆಯದು. ಎಲ್ಲ ಕಡೆ ಒಂದೇ ದಪ್ಪ, ಒಳಗೆ ಪೊಳ್ಳಿಲ್ಲ, ರೌಟರ್ ಅನ್ನುವ ಕೊರೆಯುವ ಯಂತ್ರದಲ್ಲಿ ದುಂಡನೆ ತೂತು ಬೆಣ್ಣೆಯಂತೆ ಕೊರೆಯಬಹುದು. ಆದರೆ ಅದಕ್ಕೆ ಇಬ್ಬರು ಶತ್ರುಗಳು: ತೂಕ ಮತ್ತು ನೀರು. 8 ಅಡಿ 4 ಅಡಿಯ 18 ಎಂಎಂ ಶೀಟ್ ಒಂದು 40 ಕೆಜಿ ತೂಗುತ್ತದೆ. ಮೇಲೆ ರಾಜಾಜಿನಗರದವರದ್ದಿದೆಯಲ್ಲ, ಅಂಥ ಬಾಕ್ಸಿಗೆ ಹನ್ನೊಂದೂವರೆ ಚದರಡಿ ಬೇಕು. ಹಲಗೆ ಒಂದೇ 14 ಕೆಜಿ ಆಯಿತು, ಸಬ್ ಬೇರೆ.

ನೀರಿನ ಕತೆ ನನ್ನದೇ. 2006ರಲ್ಲಿ ನನ್ನ ಮೊದಲ ಕಾರಿಗೆ, ಮೂರನೇ ಕೈಯ ಹ್ಯಾಚ್‌ಬ್ಯಾಕ್ ಅದು, ಬಹಳ ಆಸೆಯಿಂದ ಎಂಡಿಎಫ್ ಬಾಕ್ಸ್ ಮಾಡಿದೆ. ಕಪ್ಪು ಕಾರ್ಪೆಟ್ ಸುತ್ತಿದೆ, ಮೂಲೆಗೆ ಕಬ್ಬಿಣದ ಕ್ಯಾಪು, ಎಲ್ಲ ಆಯಿತು. ಡಿಕ್ಕಿ ಬಾಗಿಲಿನ ರಬ್ಬರ್ ಬೀಡಿಂಗ್ ಒಂದು ಕಡೆ ಹರಿದಿತ್ತು. ನೋಡಿದ್ದೆ, ನಾಳೆ ಹಾಕಿಸೋಣ ಅಂದುಕೊಂಡಿದ್ದೆ. ಸೆಪ್ಟೆಂಬರ್ ಮಳೆ ಗೊತ್ತಲ್ಲ. ಮೂರು ರಾತ್ರಿ ಬಿತ್ತು. ನಾಲ್ಕನೇ ದಿನ ಬೇಸ್ ಬದಲು ‘ಪುಸ್ ಪುಸ್’ ಕೇಳಿಸಿತು. ಬಾಕ್ಸ್ ಎತ್ತಿ ನೋಡಿದರೆ ಕೆಳಗಿನ ಹಲಗೆ ಹಾಲಿನಲ್ಲಿ ಅದ್ದಿದ ಬನ್ ತರ ಊದಿಕೊಂಡಿದೆ. ಸ್ಕ್ರೂ ಕೈಯಲ್ಲೇ ಕಿತ್ತು ಬಂತು. ಅಪ್ಪ ಏನೂ ಹೇಳಲಿಲ್ಲ. ಮೂಲೆಯಲ್ಲಿದ್ದ ಒಂದು ಪ್ಲೈ ತುಂಡನ್ನು ತಂದು ಬೆಂಚಿನ ಮೇಲಿಟ್ಟು ಕಾಫಿಗೆ ಹೋದರು.

ಅವತ್ತಿಂದ ನನ್ನ ಕಾರಿಗೆ ಮರೈನ್ ಪ್ಲೈ. ಶೀಟಿನ ಮೇಲೆ ಐಎಸ್ 710 ಮುದ್ರೆ ನೋಡಿ ತೆಗೆದುಕೊಳ್ಳಿ. ಐಎಸ್ 303 ಅಂದರೆ ಸಾಮಾನ್ಯ ಬಳಕೆಯ ಪ್ಲೈ, ನಿಮ್ಮ ಬಡಗಿ ಹೇಳಿದ ಕಮರ್ಷಿಯಲ್ ಆ ಗುಂಪಿನದು. ಅಂಚಿನಿಂದ ಕಣ್ಣು ಹಾಯಿಸಿ. ಪದರಗಳ ಮಧ್ಯೆ ಪೊಳ್ಳು ಕಂಡರೆ ಬೇರೆ ಶೀಟ್ ಕೇಳಿ. ಆ ಪೊಳ್ಳೇ ಆಮೇಲೆ ‘ಜರ್ರ್’ ಅನ್ನುತ್ತದೆ. ಎಂಡಿಎಫ್ಫೇ ಬೇಕು ಅಂದರೆ ಒಳಗೂ ಹೊರಗೂ ಎರಡು ಕೋಟ್ ಸೀಲರ್ ಹೊಡೆದು, ಕೆಳಗೆ ನಾಲ್ಕು ರಬ್ಬರ್ ಕಾಲು ಕೊಡಿ.

ಬಡಗಿಗೆ ಇಷ್ಟು ಹೇಳಿ: ಮೊಳೆ ಬೇಡ, ಅಂಟು ಮತ್ತು ಸ್ಕ್ರೂ. ಅಂಟು ಅಂದರೆ ಕೀಲಿನಿಂದ ಹೊರಗೆ ಉಕ್ಕುವಷ್ಟು. ಒಣಗಿದ ಮೇಲೆ ಒಳಗಿನ ಮೂಲೆಗಳಿಗೆಲ್ಲ ಸಿಲಿಕಾನ್ ಎಳೆದು, ಒಂದಿಡೀ ದಿನ ಆರಲು ಬಿಟ್ಟು ಆಮೇಲೆ ಸಬ್ ಕೂರಿಸಬೇಕು. ಹಸಿ ಸಿಲಿಕಾನ್‌ನ ಹುಳಿ ಆವಿ ಸಬ್‌ಗೆ ಒಳ್ಳೆಯದಲ್ಲ.

ಬಾಕ್ಸ್ ಸೋರುತ್ತದಾ ಅಂತ ತಿಳಿಯಲು ಒಂದು ಊದುಬತ್ತಿ ಸಾಕು. ಸೀಲ್ಡ್ ಬಾಕ್ಸ್ ಆದರೆ 30 ಹರ್ಟ್ಸ್ ಟೋನ್ ಸಣ್ಣಗೆ ಹಾಕಿ, ಹೊಗೆಯನ್ನು ಕೀಲಿನ ಉದ್ದಕ್ಕೂ, ವಯರ್ ಸಿಕ್ಕಿಸುವ ಟರ್ಮಿನಲ್ ಸುತ್ತ, ಸಬ್‌ನ ಅಂಚಿನ ಸುತ್ತ ನಿಧಾನ ಹಿಡಿದು ಹೋಗಿ. ಎಲ್ಲೆಲ್ಲ ಹೊಗೆ ನೆಟ್ಟಗೆ ಏರುತ್ತದೋ ಅಲ್ಲೆಲ್ಲ ಸರಿ. ಎಲ್ಲಿ ತಟಕ್ಕನೆ ನಡುಗುತ್ತದೋ ಅಲ್ಲಿ ಸೋರಿಕೆ. ನನ್ನ ಅನುಭವದಲ್ಲಿ ಹತ್ತಕ್ಕೆ ಏಳು ಸಲ ಅದು ಟರ್ಮಿನಲ್ ಕಪ್ಪಿನ ಹತ್ತಿರವೇ. ಇನ್ನೊಂದು ದಾರಿ, ಕೋನ್ ಅನ್ನು ಅಂಗೈಯಲ್ಲಿ ಮೆಲ್ಲಗೆ ಒಳಗೆ ಒತ್ತಿ ಬಿಡಿ. ಗಟ್ಟಿ ಬಾಕ್ಸ್ ಆದರೆ ಸೋಮಾರಿಯಂತೆ ನಿಧಾನ ಮೇಲೆ ಬರುತ್ತದೆ. ಥಟ್ಟನೆ ಬಂದರೆ ಎಲ್ಲೋ ಗಾಳಿ ಹೋಗುತ್ತಿದೆ. ಕಾರ್ಪೆಟ್ ಸುತ್ತಿದ ಮೇಲೆ ಊದುಬತ್ತಿ ಪ್ರಯೋಗ ಬೇಡಪ್ಪ, ಸುಟ್ಟ ತೂತಿಗೆ ನಾನು ಜವಾಬ್ದಾರನಲ್ಲ.

ಪ್ರಶ್ನೆ: ನನ್ನದು ಸಿಎನ್‌ಜಿ ಕಾರು. ಡಿಕ್ಕಿ ಪೂರ್ತಿ ಸಿಲಿಂಡರ್. ಸಿಲಿಂಡರ್ ಮೇಲೆ ತೆಳ್ಳಗಿನ ಬಾಕ್ಸ್ ಕೂರಿಸಬಹುದಾ?
– ಎಲೆಕ್ಟ್ರಾನಿಕ್ ಸಿಟಿಯ ಓದುಗರು

ಉತ್ತರ: ಬೇಡ. ಸಿಲಿಂಡರಿಗಾಗಲಿ, ಅದರ ಬ್ರಾಕೆಟ್ಟಿಗಾಗಲಿ ಏನನ್ನೂ ಕಟ್ಟಬೇಡಿ, ಅದರ ಹತ್ತಿರ ಡ್ರಿಲ್ ಕೂಡ ಹಿಡಿಯಬೇಡಿ. ಸೀಟಿನಡಿ ಕೂರುವ 8 ಇಂಚಿನ ಆಕ್ಟಿವ್ ಸಬ್ ತೆಗೆದುಕೊಳ್ಳಿ, ಆಂಪ್ ಅದರೊಳಗೇ ಇರುತ್ತದೆ. ಮೊದಲು ಸೀಟು ಪೂರ್ತಿ ಹಿಂದೆ ಮುಂದೆ ಮಾಡಿ ಕೆಳಗಿನ ಎತ್ತರ ಅಳೆಯಿರಿ. ಎದೆಗೆ ಗುದ್ದುವುದಿಲ್ಲ, ಆದರೆ ಹಾಡು ತುಂಬಿಕೊಳ್ಳುತ್ತದೆ.

ಪ್ರಶ್ನೆ: ಆಂಪ್‌ನ ಗೇನ್ ಫುಲ್ ಇಟ್ಟರೆ ತಾನೆ ಫುಲ್ ಪವರ್?
– ಕೆಂಗೇರಿಯ ಓದುಗರು

ಉತ್ತರ: ಅಲ್ಲ ತಮ್ಮಾ. ಗೇನ್ ವಾಲ್ಯೂಮ್ ಅಲ್ಲ. ಸ್ಟೀರಿಯೋದಿಂದ ಬರುವ ಸಿಗ್ನಲ್‌ಗೆ ಆಂಪನ್ನು ಹೊಂದಿಸುವ ತಿರುಪು ಅದು. ಫುಲ್ ಇಟ್ಟರೆ ಸಿಗ್ನಲ್ ಅಲೆಯ ತಲೆ ಕತ್ತರಿಸಿ ಹೋಗುತ್ತದೆ, ಸಬ್ ಒಳಗಿನ ತಂತಿ ಸುರುಳಿ, ಅಂದರೆ ಕಾಯಿಲ್, ಸುಡುತ್ತದೆ. ಸುಟ್ಟ ಕಾಯಿಲಿನ ವಾಸನೆ ಒಂದು ಸಲ ಮೂಗಿಗೆ ಬಿದ್ದರೆ ಮರೆಯುವುದಿಲ್ಲ. ಹಾಗೇ ಬ್ಯಾಟರಿಯಿಂದ ಬರುವ ವಯರಿಗೆ ಒಂದೂವರೆ ಅಡಿಯೊಳಗೆ ಫ್ಯೂಸ್ ಇದೆಯಾ ನೋಡಿ. ಇಲ್ಲದಿದ್ದರೆ ಇವತ್ತೇ ಹಾಕಿಸಿ, ಹಾಡು ನಾಳೆ ಕೇಳಿ.

ಪ್ರಶ್ನೆ: ಮಗ ಕಾರಿಗೆ ಅದೇನೋ ದೊಡ್ಡ ಪೆಟ್ಟಿಗೆ ಹಾಕಿಸಿದ್ದಾನೆ. ರಾತ್ರಿ ಹನ್ನೊಂದಕ್ಕೆ ಬೀದಿಗೆ ಬಂದರೆ ನಮ್ಮ ಅಡುಗೆಮನೆ ಪಾತ್ರೆ ಅಲ್ಲಾಡುತ್ತವೆ. ಪಕ್ಕದ ಮನೆಯವರು ಮಾತು ಬಿಟ್ಟಿದ್ದಾರೆ. ಸದ್ದು ಹೊರಗೆ ಹೋಗದ ಹಾಗೆ ಮಾಡಲು ಬರುವುದಿಲ್ಲವೇ?
– ಯಲಹಂಕದ ಓದುಗರು

ಉತ್ತರ: ಅಮ್ಮಾ, ಗಿಟಾರ್, ಹಾಡು, ಮಾತು ಇವನ್ನೆಲ್ಲ ಕಾರಿನ ಗಾಜು ತಡೆಯುತ್ತದೆ. ಬೇಸನ್ನು ತಡೆಯುವುದಿಲ್ಲ. ಅದಕ್ಕೇ ನಿಮಗೆ ಹಾಡು ಕೇಳಿಸದೆ ಪಾತ್ರೆ ಮಾತ್ರ ಕೇಳಿಸುವುದು. ಡಿಕ್ಕಿಗೆ ತಗಡಿನ ನಡುಕ ತಡೆಯುವ ಡ್ಯಾಂಪಿಂಗ್ ಶೀಟ್ ಅಂಟಿಸಿ, ನಂಬರ್ ಪ್ಲೇಟ್ ಹಿಂದೆ ಫೋಮ್ ಇಟ್ಟರೆ ತಗಡಿನ ಜರ್ರ್ ನಿಲ್ಲುತ್ತದೆ, ಅರ್ಧ ಜಗಳ ಅದರದ್ದೇ. ಉಳಿದದ್ದಕ್ಕೆ ಬೇಸ್ ನಾಬ್ ಅಂತ ಸಿಗುತ್ತದೆ, ಸ್ಟೀರಿಂಗ್ ಪಕ್ಕ ಕೂರುತ್ತದೆ. ಬೀದಿ ತಿರುವಿನಲ್ಲಿ ಅದನ್ನು ಸೊನ್ನೆಗೆ ತಿರುಗಿಸಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶದ ಮಿತಿ 45 ಡೆಸಿಬಲ್ ಅಂತ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮವೇ ಇದೆ, ಮಗನಿಗೆ ತೋರಿಸಿ. ಕೇಳದಿದ್ದರೆ ಆ ನಾಬನ್ನು ನಿಮ್ಮ ಕಡೆ ಸೀಟಿಗೆ ಹಾಕಿಸಿಕೊಡುತ್ತೇನೆ, ಕರೆದುಕೊಂಡು ಬನ್ನಿ.

ಪ್ರಶ್ನೆ: ಡಿಕ್ಕಿಯ ಪಕ್ಕದ ಗುಂಡಿಗೆ ಹೊಂದುವ ಹಾಗೆ ಫೈಬರ್‌ನಲ್ಲಿ ಬಾಕ್ಸ್ ಮಾಡುತ್ತಿದ್ದೇನೆ. ಆಕಾರ ಡೊಂಕುಡೊಂಕು. ಎಷ್ಟು ಲೀಟರ್ ಅಂತ ಅಳೆಯುವುದು ಹೇಗೆ?
– ಜಯನಗರದ ಓದುಗರು

ಉತ್ತರ: ನೀವೇ ಮಾಡುತ್ತಿದ್ದೀರಲ್ಲ, ಭೇಷ್. ಸ್ಕೇಲು ಇಲ್ಲಿ ಕೆಲಸಕ್ಕೆ ಬಾರದು. ನೀರು ತುಂಬಬೇಡಿ, ಭಾರಕ್ಕೆ ಹಸಿ ಫೈಬರ್ ಹೊಟ್ಟೆ ಬಿಡುತ್ತದೆ. ಥರ್ಮಾಕೋಲ್ ಗುಳಿಗೆ ತುಂಬಿದ್ದೆ ಒಂದು ಸಲ. ಅಂಗಿ, ಮೀಸೆ, ಫ್ಯಾನು ಎಲ್ಲಕ್ಕೂ ಅಂಟಿಕೊಂಡು ವಾರ ಕಾಡಿತು. ಈಗ ನಾನು ಬಳಸುವುದು ಪುರಿ, ಕಡ್ಲೆಪುರಿಯ ಪುರಿ. ಅಂಗಡಿಯಲ್ಲಿ ದೊಡ್ಡ ಚೀಲವೇ ಸಿಗುತ್ತದೆ. ಬಾಕ್ಸಿನ ಅಂಚಿನವರೆಗೆ ತುಂಬಿ, ಹಲಗೆಯಿಂದ ಸಮ ಮಾಡಿ, ಆಮೇಲೆ 5 ಲೀಟರಿನ ಬಕೆಟ್‌ನಲ್ಲಿ ಒಂದೊಂದೇ ಅಳೆದು ಹೊರಗೆ ತೆಗೆಯಿರಿ. ಎರಡು ಕಡೆಯೂ ತಟ್ಟಬೇಡಿ, ತಟ್ಟಿದರೆ ಪುರಿ ಕೂತು ಲೆಕ್ಕ ತಪ್ಪುತ್ತದೆ. ಬಂದದ್ದರಲ್ಲಿ ಸಬ್‌ನ 2–3 ಲೀಟರ್ ಕಳೆಯಿರಿ. ಒಂದೆರಡು ಲೀಟರ್ ಕಮ್ಮಿ ಬಿದ್ದರೆ ಒಳಗೆ ದಿಂಬಿನ ಪಾಲಿಯೆಸ್ಟರ್ ಹತ್ತಿ ತುಂಬಿ. ಸಬ್‌ಗೆ ಬಾಕ್ಸ್ ಸ್ವಲ್ಪ ದೊಡ್ಡದಾದ ಹಾಗೆ ಅನಿಸುತ್ತದೆ. ಇದು ಸೀಲ್ಡ್‌ಗೆ ಮಾತ್ರ.

ಅಳೆದ ಮೇಲೆ ವ್ಯಾಕ್ಯೂಮ್ ಹಾಕಿ ಒಂದು ಪುರಿಯೂ ಉಳಿಯದಂತೆ ತೆಗೆಯಿರಿ. ನಾನೊಂದು ಸಲ ಪೋರ್ಟೆಡ್ ಬಾಕ್ಸಿನಲ್ಲಿ ಒಂದು ಹಿಡಿ ಬಿಟ್ಟಿದ್ದೆ. ಶೆಡ್ಡಿನ ಇಲಿ ಪೈಪಿನಿಂದ ಒಳಗೆ ಹೋಗಿ ಪುರಿ ತಿಂದು, ಸಾಲದು ಅಂತ ಸಬ್‌ನ ವಯರನ್ನೂ ಕಡಿದು ಬಂದಿತ್ತು.